ವಾಲ್ವ್‌ಗೆ ನೇತುಹಾಕಿದ್ದ ಕೀ

"ಮೂರು ದಾರಿ ಇತ್ತು. ಮೂರೂ ಹೇಳ್ತೀನಿ, ಸರಿಯಾಗಿ ಕೇಳು," ಎಂದರು ಭಾವ.

"ಭಾವ, ಸಂಜೆ ಐದಕ್ಕೆ ನಿಮ್ಮನ್ನ ಒಳಗೆ ಹಾಕ್ತಾರೆ. ಈಗಲೇ ಎರಡೂ ಕಾಲು."

"ಅದಕ್ಕೇ ಹೇಳ್ತಿರೋದು. ಮಧ್ಯೆ ಬಾಯಿ ಹಾಕ್ಬೇಡ."

ಬಾಯಿ ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷದಿಂದ ಪತ್ತೇದಾರಿಕೆಯಲ್ಲಿ ಇರುವವನು ನಾನು. ಎಂಥೆಂಥ ಘಟಾನುಘಟಿಗಳ ಬಾಯಿ ಬಿಡಿಸಿದ್ದೇನೆ. ಈ ಒಬ್ಬ ಮನುಷ್ಯನ ಮುಂದೆ ಮಾತ್ರ ಆರು ದಿನದಿಂದ ಗ್ರೀಸ್ ಡಬ್ಬದ ಮೇಲೆ ಬೆಪ್ಪನಂತೆ ಕೂತಿದ್ದೇನೆ.

ಆರು ದಿನದ ಹಿಂದೆ, ಬೆಳಗ್ಗೆ ಹತ್ತಕ್ಕೆ, ಹದಿನೆಂಟು ಜನರನ್ನು ಕೂರಿಸಿಕೊಂಡು ಹೊರಟ ದೋಣಿಯ ಎಂಜಿನ್, ನದಿ ಕಡಲು ಸೇರುವ ಅಳಿವೆಯ ನಟ್ಟನಡುವೆ ಕಾದು ಕಚ್ಚಿಕೊಂಡು ನಿಂತುಹೋಯಿತು. ಸೆಳೆತ ದೋಣಿಯನ್ನು ಒಯ್ದು ಕಲ್ಲಿನ ತಡೆಗೋಡೆಗೆ ಬಡಿಯಿತು. ಪ್ರಯಾಣಿಕರೆಲ್ಲ ಬದುಕಿಕೊಂಡರು, ಚಾಲಕ ಸತ್ತ. ಎಂಜಿನ್ ತಂಪಾಗಿಡಲು ಸಮುದ್ರದ ನೀರು ಒಳಗೆ ತರುವ ವಾಲ್ವ್ ಮುಚ್ಚಿತ್ತು. ಹಿಂದಿನ ಸಂಜೆ ಅದನ್ನು ಮುಚ್ಚಿದವರು ಆ ದೋಣಿಯ ಮೆಕ್ಯಾನಿಕ್, ಅಂದರೆ ನನ್ನ ಭಾವ.

ಪೊಲೀಸರ ಕತೆ ಇಷ್ಟೇ. ಚಿಕ್ಕದು, ಚೊಕ್ಕದು. ಅದನ್ನು ಅಲ್ಲಗಳೆಯಲು ಭಾವ ತುಟಿ ಬಿಚ್ಚುವುದಿಲ್ಲ. ಆ ದೋಣಿಗೆ ಈಚೆಗೆ ಹಾಕಿದ ಹೊಸ ಎಂಜಿನ್ ತಂಪು ಮಾಡುವ ಬಗ್ಗೆ ಕೇಳಿ ನೋಡಿ, ಊಟ ಬಿಟ್ಟು ಹೇಳುತ್ತಾರೆ.

ಬಿಟ್ಟೇ ಇದ್ದರು ಕೂಡ. ಅಕ್ಕ ತಂದಿದ್ದ ಕ್ಯಾರಿಯರ್ ಮೇಜಿನ ಮೇಲೆ ಮುಚ್ಚಿದಂತೆಯೇ ಇತ್ತು. ಅಕ್ಕ ವರ್ಕ್‌ಶಾಪಿನ ಬಾಗಿಲಲ್ಲಿ, ಗೋಡೆಗೆ ತಲೆ ಆನಿಸಿ ಕೂತಿದ್ದಳು. ಅಮ್ಮ ತೀರಿಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೈದು. ನನ್ನನ್ನು ಎತ್ತಿ ಆಡಿಸಿ, ಕಿವಿ ಹಿಂಡಿ, ಮನುಷ್ಯನನ್ನಾಗಿ ಮಾಡಿದವಳು ಅವಳೇ. ಅವಳ ಗಂಡನನ್ನು ಉಳಿಸಿಕೊಡಲು ಆಗದಿದ್ದರೆ ನನ್ನ ಈ ಕಸುಬಿಗೆ ಬೆಂಕಿ ಹಾಕಬೇಕು.

"ಮೊದಲನೇದು, ಸಮುದ್ರದ ನೀರನ್ನೇ ನೇರ ಎಂಜಿನ್ ಒಳಗೆ ಹರಿಸೋದು," ಎಂದು ಭಾವ ಶುರು ಮಾಡಿದರು. "ಸುಲಭ. ಸಾಮಾನೂ ಕಮ್ಮಿ. ಆದ್ರೆ ಉಪ್ಪು ನೋಡು, ಒಳಗಿಂದೊಳಗೇ ತಿಂದು ಹಾಕುತ್ತೆ. ಅದು ಬೇಡವೇ ಬೇಡ ಅಂದೆ."

"ಎರಡನೇದು?"

"ಎಂಜಿನ್ ಒಳಗೆ ಸಿಹಿನೀರು, ಅದು ಅಲ್ಲೇ ಸುತ್ತುತ್ತಾ ಇರುತ್ತೆ. ಸಮುದ್ರದ ನೀರು ಬೇರೆ ಕೊಳವೇಲಿ ಬಂದು, ಆ ಸಿಹಿನೀರಿನ ಬಿಸಿ ಹೊತ್ಕೊಂಡು ಹೊರಗೆ ಹೋಗುತ್ತೆ. ಎರಡು ನೀರೂ ಒಂದಕ್ಕೊಂದು ಸೇರಲ್ಲ. ಒಳ್ಳೇದೇ. ಆದ್ರೂ ದೋಣಿಗೆ ತೂತು ಬೇಕು, ತೂತಿಗೆ ವಾಲ್ವ್ ಬೇಕು, ಕಸ ಹಿಡಿಯೋಕೆ ಜಾಲರಿ ಬೇಕು. ನಮ್ಮ ಅಳಿವೇಲಿ ಇರೋದೇನು? ಕೆಸರು, ಪ್ಲಾಸ್ಟಿಕ್ ಚೀಲ. ಜಾಲರಿ ಕಟ್ಕೊಳ್ತು ಅಂದ್ರೆ ಎಂಜಿನ್ ಕತೆ ಮುಗೀತು."

ಮೂರನೆಯದಕ್ಕೆ ಬಂದಾಗ ಭಾವನ ಮುಖವೇ ಬೇರೆಯಾಯಿತು. ದೋಣಿಯ ತಳಕ್ಕೆ, ಹೊರಗಡೆಯಿಂದ, ಕೊಳವೆ ಜೋಡಿಸುವುದು. ಎಂಜಿನ್ನಿನ ಬಿಸಿನೀರು ಆ ಕೊಳವೆಗೆ ಇಳಿದು, ಸುತ್ತಲಿನ ಸಮುದ್ರಕ್ಕೆ ಬಿಸಿ ಕೊಟ್ಟು, ತಂಪಾಗಿ ಮತ್ತೆ ಮೇಲೆ ಬರುತ್ತದೆ. ಸಮುದ್ರದ ಒಂದು ಹನಿಯೂ ಎಂಜಿನ್ ಕಡೆ ಬರುವುದಿಲ್ಲ. ಆದ್ದರಿಂದ ವಾಲ್ವೂ ಬೇಡ, ಜಾಲರಿಯೂ ಬೇಡ. ನಾಲ್ಕು ತಿಂಗಳು ಅಳೆದು ಸುರಿದು ಭಾವ ಆರಿಸಿದ್ದು ಇದನ್ನೇ. ದೋಣಿಯ ಮಾಲೀಕರೂ ಹೂಂ ಎಂದಿದ್ದರು.

"ಮತ್ತೆ ದೋಣಿಗೆ ಎರಡನೇದು ಹೇಗೆ ಬಂತು?"

ಭಾವ ಬಟ್ಟೆ ಎತ್ತಿಕೊಂಡು, ಆಗಲೇ ಒರೆಸಿ ಇಟ್ಟಿದ್ದ ಸ್ಪ್ಯಾನರನ್ನು ಮತ್ತೆ ಒರೆಸತೊಡಗಿದರು.

"ಮನಸ್ಸು ಬದಲಾಯ್ತು."

"ಯಾವಾಗ?"

"ಆವಾಗ್ಲೇ."

"ಮಾಲೀಕರು ಹೇಳ್ತಾರೆ, ತಳದ ಕೊಳವೆ ಬೇಡ ಅಂತ ನೀವೇ ಎಂಜಿನ್ ಶೋರೂಮಿಗೆ ಕಾಗದ ಬರೆದು ಸಹಿ ಹಾಕಿ ಕೊಟ್ರಂತೆ."

"ಕೊಟ್ಟಿರ್ತೀನಿ."

"ಕೊಟ್ಟಿರ್ತೀನಿ ಅಂದ್ರೇನು ಭಾವ? ಕೊಟ್ರಾ, ಇಲ್ವಾ?"

"ಕೊಟ್ಟೆ ಅಂತಲೇ ಇಟ್ಕೋ."

ಆ ಸ್ಪ್ಯಾನರನ್ನು ಕಿತ್ತುಕೊಂಡು ನೀರಿಗೆ ಎಸೆಯಬೇಕೆನಿಸಿತು ನನಗೆ. ಮನೆಗೆ ಒಂದು ಮಿಕ್ಸಿ ತರಲು ಒಂದೂವರೆ ವರ್ಷ ಯೋಚನೆ ಮಾಡಿದ ಮನುಷ್ಯ ಇವರು. ತಂದ ಮೇಲೆ ಬಣ್ಣ ಚೆನ್ನಾಗಿಲ್ಲ ಎಂದು ಅಕ್ಕ ಎಷ್ಟು ಗೋಗರೆದರೂ ಬದಲಾಯಿಸಲಿಲ್ಲ. ಅಂಥವರ ಮನಸ್ಸು ದಿಢೀರನೆ ಬದಲಾಯಿತಂತೆ. ಯಾರ ಕಿವಿಗೆ ಹೂ ಇಡುತ್ತಿದ್ದಾರೆ?

"ಅವರನ್ನ ಕಾಡ್ಬೇಡ್ವೋ," ಎಂದಳು ಅಕ್ಕ ಬಾಗಿಲಿಂದ. "ಆರು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ."

"ನಾನೇನು ಮಾಡಿದ್ದೀನಾ?" ಎಂದು ರೇಗಿದೆ. ರೇಗಿದ್ದಕ್ಕೆ ತಕ್ಷಣ ಬೇಜಾರಾಯಿತು.

ಎದ್ದು ಕಿಟಕಿಯ ಹತ್ತಿರ ಹೋದೆ. ಕೆಳಗೆ ಜೆಟ್ಟಿಗೆ ಕಟ್ಟಿದ್ದ ಇನ್ನೊಂದು ದೋಣಿಯ ಎಂಜಿನ್ ಕೂರಿಸುವ ಗುಂಡಿಯ ಮುಚ್ಚಳ ತೆರೆದಿತ್ತು. ಒಳಗೆ ವಾಲ್ವಿನ ಹಿಡಿಗೆ, ಕಿತ್ತಳೆ ಬಣ್ಣದ ಬೆಂಡು ಕಟ್ಟಿದ ಒಂದು ಕೀ ನೇತಾಡುತ್ತಿತ್ತು.

"ಅಲ್ಯಾಕೆ ಕೀ ಹಾಕಿದ್ದೀರಿ?"

"ನನ್ನ ಪದ್ಧತಿ ಅದು. ಸಂಜೆ ಜಾಲರಿ ತೊಳೆದು ವಾಲ್ವ್ ಮುಚ್ಚಿದ ಮೇಲೆ, ಎಂಜಿನ್ ಕೀ ಅದರ ಹಿಡಿಗೇ ಹಾಕ್ತೀನಿ. ಬೆಳಗ್ಗೆ ಚಾಲಕನಿಗೆ ಕೀ ಬೇಕು ಅಂದ್ರೆ ಕೆಳಗಿಳಿದು ವಾಲ್ವ್ ಹತ್ರಾನೇ ಬರ್ಬೇಕು. ಬಂದವನು ವಾಲ್ವ್ ತೆರೆದೇ ಮೇಲೆ ಹೋಗ್ತಾನೆ. ಮೂವತ್ತು ವರ್ಷದಿಂದ ಒಬ್ಬನೂ ಮರೆತಿಲ್ಲ."

"ಅವತ್ತಿನ ಹಿಂದಿನ ಸಂಜೇನೂ ಹಾಗೇ ಹಾಕಿದ್ರಾ?"

"ಹಾಕದೇ ಇರ್ತೀನಾ?"

"ಇದನ್ನ ಇನ್ಸ್‌ಪೆಕ್ಟರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಇನ್ನೊಂದು ನಿಮಿಷ ಅಲ್ಲಿದ್ದಿದ್ದರೆ ಪೊಲೀಸರಿಗಿಂತ ಮೊದಲು ನಾನೇ ಭಾವನ ಮೇಲೆ ಕೈ ಮಾಡುತ್ತಿದ್ದೆ.

*

ಒಡೆದ ದೋಣಿಯನ್ನು ರಿಪೇರಿ ಅಂಗಳದ ಇಳಿಜಾರಿನ ಮೇಲೆ ಎಳೆದು, ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಇನ್ಸ್‌ಪೆಕ್ಟರ್ ನೆರಳಿನಲ್ಲಿ ನಿಂತು ಕತ್ತು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವರ ಮುಖದಲ್ಲಿ ಹಲ್ಲುನೋವಿನ ಕಳೆ ಬಂತು.

"ಮತ್ತೆ ಬಂದ್ರಾ ಪತ್ತೇದಾರ್ರೇ? ಇನ್ನೇನು ಬಾಕಿ ಇದೆ?"

"ಎಂಜಿನ್ ಗುಂಡಿ ಒಂದ್ಸಲ ನೋಡ್ಬೇಕು ಸಾರ್."

"ನೋಡಿ. ಕೈ ಮಾತ್ರ ಹಚ್ಬೇಡಿ."

ಏಣಿ ಹತ್ತಿ ಇಣುಕಿದೆ. ಕೆಸರು, ಡೀಸೆಲ್ ವಾಸನೆ. ಸಮುದ್ರದ ನೀರು ಎಳೆಯುವ ಪಂಪನ್ನು ಪೊಲೀಸರು ಬಿಚ್ಚಿ ಇಟ್ಟಿದ್ದರು. ಒಳಗಿನ ರಬ್ಬರ್ ಚಕ್ರದ ಎಸಳುಗಳು ಕರಗಿ ಮುದ್ದೆಯಾಗಿದ್ದವು. ನೀರೇ ಬರದೆ ಪಂಪ್ ಒಣಗಿ ತಿರುಗಿದೆ. ಅಂದರೆ ಎಂಜಿನ್ ಓಡುವಾಗ ವಾಲ್ವ್ ಮುಚ್ಚಿದ್ದು ನಿಜ. ಆ ಮಟ್ಟಿಗೆ ಪೊಲೀಸರು ಹೇಳಿದ್ದು ಸರಿ.

ವಾಲ್ವ್ ಕಡೆ ಟಾರ್ಚ್ ಬಿಟ್ಟೆ. ಅದರ ಹಿಡಿಗೆ ಕೆಸರು ಮೆತ್ತಿದ ಬೆಂಡು, ಬೆಂಡಿಗೆ ದಾರ, ದಾರಕ್ಕೆ ಕೀ. ನೇತುಹಾಕಿದ್ದು ಹಾಗೇ ಇದೆ.

"ಸಾರ್! ಈ ಕೀ ನೋಡಿದ್ರಾ?"

"ನೋಡ್ದೆ ಏನು? ಪಟ್ಟೀಲಿ ಬರೆದಿದೀವಿ. ಕೀ, ಒಂದು."

"ಎಂಜಿನ್ ಕೀ ಇದು. ಇದು ಇಲ್ಲೇ ನೇತಾಡ್ತಿದ್ರೆ ಚಾಲಕ ಎಂಜಿನ್ ಶುರು ಮಾಡಿದ್ದು ಯಾವ ಕೀ ಹಾಕಿ?"

ಇನ್ಸ್‌ಪೆಕ್ಟರ್ ಕತ್ತು ಒರೆಸುವುದನ್ನು ನಿಲ್ಲಿಸಿದರು. ಸ್ಟಿಯರಿಂಗ್ ಮುಂದಿನ ಹಲಗೆ, ಕೀ ಹಾಕುವ ಜಾಗದ ಸಮೇತ, ಕಲ್ಲಿಗೆ ಬಡಿದು ಕಿತ್ತು ನೀರಿನ ಪಾಲಾಗಿತ್ತು. ಅದರಲ್ಲಿ ಯಾವ ಕೀ ಇತ್ತೆಂದು ಈ ಆರು ದಿನದಲ್ಲಿ ಯಾರೂ ಕೇಳಿರಲಿಲ್ಲ.

ಕೆಳಗಿಳಿದು ಭಾವನ ಪದ್ಧತಿಯನ್ನು ಬಿಡಿಸಿ ಹೇಳಿದೆ. ಚಾಲಕನ ಕೈಗೆ ಅವತ್ತು ಬೆಳಗ್ಗೆ ಯಾರೋ ಎರಡನೇ ಕೀ ಕೊಟ್ಟಿದ್ದಾರೆ. ಕೀ ಕೈಯಲ್ಲೇ ಇದ್ದ ಮೇಲೆ ಅವನು ಕೆಳಗೆ ಇಳಿಯಲೇ ಇಲ್ಲ. ಕೀ ಹೊರಗಿದೆ ಎಂದರೆ ವಾಲ್ವ್ ತೆರೆದಿದೆ ಎಂದೇ ಈ ಜೆಟ್ಟಿಯವರ ಲೆಕ್ಕ. ಎಂಜಿನ್ ಕಾದಿದೆ ಎಂದು ಅಲಾರಂ ಹೊಡೆದಾಗ ದೋಣಿ ಸೆಳೆತದ ನಡುವೆ ಇತ್ತು, ಎಂಜಿನ್ ನಿಲ್ಲಿಸುವಂತೆಯೂ ಇರಲಿಲ್ಲ.

"ಒಪ್ಪಿದೆ, ಎರಡನೇ ಕೀ ಇತ್ತು," ಎಂದರು ಇನ್ಸ್‌ಪೆಕ್ಟರ್. "ವಾಲ್ವ್ ಮುಚ್ಚಿದ್ದು ನಿಮ್ಮ ಭಾವ ತಾನೆ?"

"ಮುಚ್ಚೋದು ಅವರ ಕೆಲಸ, ತೆರೆಯೋದು ಚಾಲಕನ ಕೆಲಸ ಸಾರ್!"

"ಹಾಗಂತ ಎಲ್ಲಾದ್ರೂ ಬರೆದಿದೆಯಾ?"

"ಮೂವತ್ತು ವರ್ಷದ ಪದ್ಧತಿ."

"ಪದ್ಧತೀನ ಕೋರ್ಟಿಗೆ ಕರ್ಕೊಂಡು ಬರ್ತೀರಾ? ಐದು ಗಂಟೆ ಅಂದ್ರೆ ಐದು ಗಂಟೆ. ಎರಡನೇ ಕೀ ಯಾರ ಹತ್ರ ಇತ್ತು ಅಂತ ಕಾಗದ ತನ್ನಿ, ಆಮೇಲೆ ಮಾತಾಡೋಣ."

ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚಚ್ಚಿಕೊಳ್ಳಲು ದೋಣಿಯೇ ಹತ್ತಿರವಿತ್ತು. ಸಿಟ್ಟಿನಲ್ಲಿ ಅದರ ಸುತ್ತ ನಡೆದೆ, ದಿಮ್ಮಿಗಳ ನಡುವೆ ಬಗ್ಗಿ ತಳದ ಕೆಳಗೆ ನುಸುಳಿದೆ.

ಎರಡು ವರ್ಷದಿಂದ ನೀರಿನಿಂದ ಮೇಲೆ ಬಂದಿರದ ದೋಣಿ. ತಳದ ತುಂಬ ಸಣ್ಣ ಬಿಳಿ ಚಿಪ್ಪುಗಳು, ಕೈ ಇಟ್ಟರೆ ಚರ್ಮ ಕೀಳುವಷ್ಟು ಒತ್ತಾಗಿ ಬೆಳೆದಿದ್ದವು. ಹಿಂಭಾಗದ ಒಂದು ಕಡೆ ಮಾತ್ರ ಒಂದು ಚಿಪ್ಪೂ ಇರಲಿಲ್ಲ. ಸೂಟ್‌ಕೇಸ್ ಅಗಲದ ಒಂದು ಚೌಕ, ನುಣ್ಣಗೆ, ಹಳೇ ಬಣ್ಣದ ಸಮೇತ. ನಾಲ್ಕು ಮೂಲೆಗೂ ಬೋಲ್ಟಿನ ತೂತು. ತೂತುಗಳಿಗೆ ತುಂಬಿದ್ದ ಮೇಣ ಇನ್ನೂ ಹೊಸದು.

ಕಳ್ಳ ಮಾಲು ಬಚ್ಚಿಡುವ ಪೆಟ್ಟಿಗೆಯಂಥ ಏನೋ ಒಂದು ಇಲ್ಲಿ ತಿಂಗಳುಗಟ್ಟಲೆ ಅಂಟಿಕೊಂಡಿತ್ತು. ಇತ್ತೀಚೆಗೆ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.

ಆಗ ಭಾವ ಹೇಳಿದ ಮೂರು ದಾರಿಯೂ ನನಗೆ ಒಟ್ಟಿಗೆ ಅರ್ಥವಾದವು. ಮೊದಲ ಎರಡಕ್ಕೆ ದೋಣಿಯನ್ನು ನೀರಿನಿಂದ ಎತ್ತುವುದೇ ಬೇಡ. ನೀರು ಬರುವ ತೂತು ಹಳೇ ಎಂಜಿನ್ ಕಾಲದಿಂದಲೇ ಇತ್ತು, ಹೊಸ ಎಂಜಿನ್ ಮೇಲಿನಿಂದ ಇಳಿಸಿದರಾಯಿತು. ತಳಕ್ಕೆ ಕೊಳವೆ ಜೋಡಿಸಬೇಕಾದರೆ ಮಾತ್ರ ದೋಣಿಯನ್ನು ದಡಕ್ಕೆ ಎಳೆದು, ಹತ್ತು ಜನ ಅದರ ಕೆಳಗೆ ಓಡಾಡಬೇಕು. ಆಗ ಈ ಚೌಕ ಯಾರ ಕಣ್ಣಿಗೂ ಬೀಳದೆ ಇರುತ್ತಿರಲಿಲ್ಲ.

ತಳದ ಕೊಳವೆ ಬೇಡ ಎಂದವರಿಗೆ ಎಂಜಿನ್ನಿನ ಚಿಂತೆ ಇರಲಿಲ್ಲ. ದೋಣಿ ದಡ ಹತ್ತಬಾರದಿತ್ತು, ಅಷ್ಟೇ.

"ಸಾರ್, ಇಲ್ಲಿ ಬಂದು ಒಂದ್ಸಲ ಬಗ್ಗಿ!"

"ನನಗೆ ಸೊಂಟ ನೋವು," ಎಂದರು ಇನ್ಸ್‌ಪೆಕ್ಟರ್. "ಫೋಟೋ ತೆಗೆದು ಕಳಿಸಿ."

*

ಎಂಜಿನ್ ಶೋರೂಮಿನವನನ್ನು ಜೆಟ್ಟಿಯವರೆಲ್ಲ ಸೂಟು ಎಂದೇ ಕರೆಯುತ್ತಾರೆ. ಎಂಥ ಸೆಕೆಗೂ ಕೋಟು ಬಿಚ್ಚುವವನಲ್ಲ. ನಾಲ್ಕೂ ಹತ್ತಕ್ಕೆ ನಾನು ಒಳಗೆ ನುಗ್ಗಿದಾಗ, ಬಣ್ಣ ಬಳಿದು ಸಾಲಾಗಿ ನಿಲ್ಲಿಸಿದ್ದ ಎಂಜಿನ್‌ಗಳ ನಡುವೆ ಅವನು ಎಸಿಯ ಗಾಳಿಗೆ ಮುಖ ಒಡ್ಡಿ ನಿಂತಿದ್ದ.

"ಬನ್ನಿ ಬನ್ನಿ. ದೋಣಿ ತಗೊಂಡ್ರಾ? ಎಷ್ಟು ಉದ್ದದ್ದು?"

"ದೋಣಿ ಹತ್ತಿದ್ರೆ ವಾಂತಿ ಮಾಡೋನು ನಾನು. ಆರು ದಿನದ ಹಿಂದೆ ಒಡೆದ ದೋಣಿಯ ಫೈಲ್ ಬೇಕು."

"ಅದು ಗ್ರಾಹಕರ ವಿಷಯ ಸಾರ್. ತೋರಿಸೋ ಹಾಗಿಲ್ಲ. ಕಾಫಿ ತರಿಸ್ಲಾ?"

"ಬೇಡ. ಆ ಎಂಜಿನ್ ಜೊತೆ ಎಷ್ಟು ಕೀ ಕೊಟ್ರಿ?"

"ನಮ್ಮಲ್ಲಿ ಯಾವಾಗ್ಲೂ ಎರಡು ಸಾರ್. ಸಿಹಿನೀರು ಸುತ್ತೋ ಮಾಡೆಲ್ ಅದು, ಐದು ವರ್ಷ ಗ್ಯಾರಂಟಿ, ಬೇಕಾದ್ರೆ ಈ ಪುಸ್ತಕ..."

ಬಣ್ಣದ ಪುಸ್ತಕ ನನ್ನ ಕೈಗೆ ತುರುಕಲು ಬಂದ. ಹೀಗೆ ಇಪ್ಪತ್ತು ನಿಮಿಷ ಆಟ ಆಡಿಸಿದ. ಕೀ ಬಗ್ಗೆ ಕೇಳಿದರೆ ಗ್ಯಾರಂಟಿ ಎನ್ನುತ್ತಾನೆ, ಕಾಗದದ ಬಗ್ಗೆ ಕೇಳಿದರೆ ಕಾಫಿ ಎನ್ನುತ್ತಾನೆ. ಗೋಡೆ ಗಡಿಯಾರ ನಾಲ್ಕೂವರೆ ತೋರಿಸಿತು. ನನ್ನ ಸಹನೆ ಅಲ್ಲಿಗೆ ಮುಗಿಯಿತು.

"ಇಲ್ಲಿ ಕೇಳಪ್ಪಾ," ಎಂದು ಅವನ ಎದುರಿನ ಕುರ್ಚಿ ಎಳೆದು ಕೂತೆ. "ಒಂದು ಕೀ ದೋಣೀಲಿ ಸಿಕ್ಕಿದೆ. ಚಾಲಕ ಸತ್ತಿರೋದು ಇನ್ನೊಂದು ಕೀಯಿಂದ. ಅದು ಯಾರ ಕೈಗೆ ಹೋಯ್ತು ಅಂತ ನೀನು ತೋರಿಸ್ಲಿಲ್ಲ ಅಂದ್ರೆ, ಅದು ಈ ಶೋರೂಮ್ ಬಿಟ್ಟು ಹೋಗೇ ಇಲ್ಲ ಅಂತ ಅರ್ಥ. ಐದು ಗಂಟೆಗೆ ಇನ್ಸ್‌ಪೆಕ್ಟರು ಜೀಪು ತಗೊಂಡು ಹೊರಡ್ತಾರೆ. ಯಾವ ಕಡೆ ತಿರುಗಿಸ್ಲಿ?"

ಸೂಟಿನ ಹಣೆಯ ಮೇಲೆ, ಅಷ್ಟು ತಣ್ಣನೆಯ ಕೋಣೆಯಲ್ಲಿ, ಬೆವರು ಮೂಡಿತು.

"ನಮ್ಮದು ತಪ್ಪಿಲ್ಲ ಸಾರ್. ಎರಡನೇ ಕೀ ನಾವು ಬೇರೆಯಾಗಿ, ಸಹಿ ಹಾಕಿಸ್ಕೊಂಡೇ ಕೊಡೋದು."

"ಯಾರ ಸಹಿ?"

"ಅವರ ಕಡೆಯವರೇ ಬಂದಿದ್ರು. ಮೆಕ್ಯಾನಿಕ್ಕಿಗೆ ಪುರುಸೊತ್ತಿಲ್ಲ, ಅದಕ್ಕೇ ನಾನು ಬಂದೆ ಅಂದ್ರು. ಅದಕ್ಕೆ ಮೊದಲು ಬದಲಾವಣೆ ಕಾಗದ ತಂದುಕೊಟ್ಟಿದ್ದೂ ಅವರೇ. ಪರಿಚಯದವರು ಅಂತ ನಾನೂ ಜಾಸ್ತಿ ಕೇಳ್ಲಿಲ್ಲ."

"ಯಾರು ಅಂತ ಹೇಳು."

"ನನ್ನ ಬಾಯಲ್ಲಿ ಹೇಳಿಸ್ಬೇಡಿ ಸಾರ್. ನೀವೇ ನೋಡ್ಕೊಳ್ಳಿ." ಬೀರುವಿನಿಂದ ಫೈಲ್ ತೆಗೆದು ನನ್ನ ಮುಂದೆ ತಳ್ಳಿ, ತಾನು ಎಸಿಯ ಕಡೆ ತಿರುಗಿ ನಿಂತ.

ಮೇಲಿದ್ದದ್ದು ಬದಲಾವಣೆಯ ಕಾಗದ. ಟೈಪ್ ಮಾಡಿದ ನಾಲ್ಕು ಸಾಲು: ದೋಣಿಯ ತಳಕ್ಕೆ ಕೊಳವೆ ಬೇಡ, ಸಮುದ್ರದ ನೀರಿನಿಂದ ತಂಪು ಮಾಡುವ ಎಂಜಿನ್ನೇ ಇರಲಿ. ಕೆಳಗೆ ಭಾವನ ಹೆಸರಿನ ಸಹಿ. ಭಾವ ಸಹಿ ಮಾಡುವುದು ಒಂದೇ ಗೀಚಿನಲ್ಲಿ, ಅವರಿಗೇ ಓದಲು ಬಾರದಂತೆ. ಇಲ್ಲಿ ಒಂದೊಂದು ಅಕ್ಷರವೂ ದುಂಡಗಿತ್ತು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದು ಹೆಸರಿನ ಕೆಳಗೆ ಗೆರೆಯಾಗಿ, ಗೆರೆಯ ಕೆಳಗೆ ಎರಡು ಚುಕ್ಕೆ.

ಆ ಗೆರೆ ನನಗೆ ಗೊತ್ತಿತ್ತು. ಶಾಲೆಯಲ್ಲಿ ನಾನು ಗಣಿತಕ್ಕೆ ಸೊನ್ನೆ ತಂದಾಗಲೆಲ್ಲ, ಅಪ್ಪ ಹೊಡೆಯದಿರಲೆಂದು, ಅಂಕಪಟ್ಟಿಯ ಮೇಲೆ ಅಪ್ಪನ ಹೆಸರು ಬರೆದು ಅದರ ಕೆಳಗೆ ಇದೇ ಗೆರೆ, ಇದೇ ಎರಡು ಚುಕ್ಕೆ ಹಾಕಿಕೊಡುತ್ತಿದ್ದವಳು ಒಬ್ಬಳಿದ್ದಳು.

ಎರಡನೇ ಹಾಳೆ ಕೀ ಪಡೆದ ರಸೀದಿ. ಅದರಲ್ಲಿ ಅವಳು ಸ್ವಂತ ಹೆಸರೇ ಬರೆದಿದ್ದಳು. ಸಂಬಂಧ: ಮೆಕ್ಯಾನಿಕ್‌ನ ಹೆಂಡತಿ.

ಈಗ ಭಾವನ ಮೌನ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಈ ಹಾಳೆಗಳನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರೆ ಭಾವ ಹೊರಗೆ, ಅಕ್ಕ ಒಳಗೆ. ಕೊಡದಿದ್ದರೆ ಏನೂ ಮಾಡದ ಮನುಷ್ಯ ಜೈಲಿಗೆ. ಆರು ದಿನ ಒದ್ದಾಡಿ ನಾನು ಸಂಪಾದಿಸಿದ್ದು ಇದನ್ನು.

ಫೋನ್ ಬಡಿದುಕೊಂಡಿತು. ಅಕ್ಕನೇ.

"ಜೀಪು ಬಂತು ಕಣೋ. ಇವರು ಶರಟು ಬದಲಾಯಿಸ್ತಿದ್ದಾರೆ. ನಿನಗೆ ಏನಾದ್ರೂ ಸಿಕ್ತಾ?"

"ಸಿಕ್ತು." ರಸೀದಿಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದೆ. "ಅಕ್ಕಾ, ಎರಡನೇ ಕೀ ಯಾರಿಗೆ ಕೊಟ್ಟೆ?"

ಆ ಕಡೆ ಜೀಪಿನ ಎಂಜಿನ್ ಓಡುತ್ತಿರುವುದು ಮಾತ್ರ ಕೇಳಿಸುತ್ತಿತ್ತು.

"ಅಕ್ಕಾ, ನಿನ್ನೇ ಕೇಳ್ತಿರೋದು. ಚಾಲಕನಿಗೆ ಯಾಕೆ ಕೊಟ್ಟೆ?"

"ಅವನಿಗೆ ನಾನ್ಯಾಕೆ ಕೊಡ್ಲಿ?" ಅವಳು ಅಳುತ್ತಿರಲಿಲ್ಲ. ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ. "ಅವತ್ತು ಆ ಕೀ ತಿರುಗಿಸಿ ಸಾಯ್ಬೇಕಾಗಿದ್ದವನೇ ಬೇರೆ, ದೋಣಿ ತಳಕ್ಕೆ ಪೆಟ್ಟಿಗೆ ಕಟ್ಟಿದವನು. ಒಬ್ಬನೇ ಹೋಗ್ತೀನಿ ಅಂದಿದ್ದ, ಜನರನ್ನ ಹತ್ತಿಸಲ್ಲ ಅಂದಿದ್ದ. ಆ ಪಾಪದವನ ಕೈಗೆ ಅದು ಹೇಗೆ ಹೋಯ್ತೋ ನನಗೂ ಗೊತ್ತಿಲ್ಲ ಕಣೋ."

"ಯಾರು ಅವನು? ಅಕ್ಕಾ, ಯಾರು?"

ಹಿಂದಿನಿಂದ ಭಾವನ ದನಿ ಕೇಳಿಸಿತು, "ಸಾಕು, ಇಡು ಫೋನು."

ಅವಳು ಇಟ್ಟಳು.